ಹೆಪಾರಿನ್ ಮತ್ತು ರಕ್ತದ ಕೊಬ್ಬಿನಂಶ: ಪದೇ ಪದೇ ಕೇಳುವ ಪ್ರಶ್ನೆಗಳು

ಹೃದಯಾಘಾತವಾದವರಿಗೆ, ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪು ಕಟ್ಟಿದವರಿಗೆ, ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಮತ್ತು ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾಗುವವರಿಗೆ ಕೊಡುವ ಔಷಧಗಳಲ್ಲಿ ಹೆಪಾರಿನ್ ಮುಖ್ಯವಾದುದು. ಇವರಲ್ಲಿ ಬಹುಪಾಲು ಜನರಿಗೆ ಅದೇ ದಿನಗಳಲ್ಲಿ ರಕ್ತದ ಕೊಬ್ಬಿನಂಶವನ್ನು ಅಳೆಯುವ ಲಿಪಿಡ್ ಪ್ರೊಫೈಲ್ ಪರೀಕ್ಷೆಯನ್ನೂ ಮಾಡಲಾಗುತ್ತದೆ. ಹೀಗಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಈ ಔಷಧ ಕೊಬ್ಬಿನಂಶವನ್ನೂ ಬದಲಿಸುತ್ತದೆಯೇ ಎಂಬ ಪ್ರಶ್ನೆ ರೋಗಿಗಳಿಗೂ ಅವರ ಮನೆಯವರಿಗೂ ಸಹಜವಾಗಿಯೇ ಏಳುತ್ತದೆ. ಇಲ್ಲಿನ ಉತ್ತರಗಳು ವಿಷಯವನ್ನು ತಿಳಿದುಕೊಳ್ಳುವುದಕ್ಕಾಗಿ ಮಾತ್ರ ಇವೆ. ಔಷಧದ ಪ್ರಮಾಣವನ್ನು ನಿರ್ಧರಿಸಬೇಕಾದವರು ಚಿಕಿತ್ಸೆ ನೀಡುತ್ತಿರುವ ವೈದ್ಯರೇ.

ಹೆಪಾರಿನ್ ಕೊಟ್ಟರೆ ರಕ್ತದಲ್ಲಿನ ಕೊಬ್ಬು ಕಡಿಮೆಯಾಗುತ್ತದೆಯೇ?

ಟ್ರೈಗ್ಲಿಸರೈಡ್ ಕಡಿಮೆಯಾಗುತ್ತದೆ, ಆದರೆ ಸ್ವಲ್ಪ ಹೊತ್ತು ಮಾತ್ರ. ಕೊಲೆಸ್ಟ್ರಾಲ್ ಮಟ್ಟಿಗೆ ಹೇಳುವುದಾದರೆ, ಅದನ್ನು ಇಳಿಸುವ ಔಷಧ ಎಂದು ಹೆಪಾರಿನ್ ಅನ್ನು ಕರೆಯುವಂತಿಲ್ಲ. ಜನರ ಮಾತಿನಲ್ಲಿ ಇವೆರಡೂ 'ಕೊಬ್ಬು' ಎಂಬ ಒಂದೇ ಹೆಸರಿನಡಿ ಬರುವುದರಿಂದ ಗೊಂದಲ ಹುಟ್ಟುತ್ತದೆ. ಟ್ರೈಗ್ಲಿಸರೈಡ್ ದೇಹವು ಉರಿಸಿ ಶಕ್ತಿ ಪಡೆಯುವ ಇಂಧನವಾದರೆ, ಕೊಲೆಸ್ಟ್ರಾಲ್ ಜೀವಕೋಶದ ಪೊರೆಗೂ ಹಾರ್ಮೋನುಗಳಿಗೂ ಪಿತ್ತರಸಕ್ಕೂ ಬೇಕಾದ ಕಚ್ಚಾವಸ್ತು. ಎರಡೂ ಲೈಪೋಪ್ರೋಟೀನ್ ಎಂಬ ಕಣಗಳೊಳಗೆ ಕುಳಿತು ರಕ್ತದಲ್ಲಿ ಸಾಗುತ್ತವೆ. ಹೆಪಾರಿನ್ ಈ ಕಣಗಳಿಂದ ಟ್ರೈಗ್ಲಿಸರೈಡ್ ಬೇಗ ಖಾಲಿಯಾಗುವಂತೆ ಮಾಡುತ್ತದೆ, ಆದರೆ ಕಣದೊಳಗಿನ ಕೊಲೆಸ್ಟ್ರಾಲ್ ಬಹುಮಟ್ಟಿಗೆ ಅಲ್ಲಿಯೇ ಉಳಿಯುತ್ತದೆ.

ಹೆಪ್ಪು ತಡೆಯುವ ಔಷಧಕ್ಕೂ ಕೊಬ್ಬಿಗೂ ಏನು ನಂಟು?

ಹೆಪಾರಿನ್ ಹೆಪ್ಪು ತಡೆಯುವುದು ಒಂದು ದಾರಿಯಿಂದ, ಕೊಬ್ಬನ್ನು ಬದಲಿಸುವುದು ಬೇರೊಂದು ದಾರಿಯಿಂದ. ರಕ್ತದಲ್ಲಿ ಸಹಜವಾಗಿಯೇ ಇರುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ಅದರ ಕೆಲಸವನ್ನು ಹಲವು ಪಟ್ಟು ಚುರುಕುಗೊಳಿಸುವುದು ಮೊದಲನೆಯ ದಾರಿ. ಎರಡನೆಯದಕ್ಕೆ ಹೆಪ್ಪಿನೊಂದಿಗೆ ಸಂಬಂಧವೇ ಇಲ್ಲ.

ಹೃದಯದ ಸ್ನಾಯು, ಮೈಯ ಇತರ ಸ್ನಾಯುಗಳು ಮತ್ತು ಕೊಬ್ಬಿನ ಅಂಗಾಂಶಗಳ ಜೀವಕೋಶಗಳು ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವವನ್ನು ತಯಾರಿಸುತ್ತವೆ. ಈ ಕಿಣ್ವ ತಾನು ಹುಟ್ಟಿದ ಕೋಶದಲ್ಲಿ ಕೆಲಸ ಮಾಡುವುದಿಲ್ಲ. ಅಲ್ಲಿಂದ ಹೊರಬಂದು, ಅತಿ ಸಣ್ಣ ರಕ್ತನಾಳಗಳ ಒಳಗೋಡೆಗೆ ಸಾಗಿ, ಅಲ್ಲಿ ಲಂಗರು ಹಾಕಿ ನಿಲ್ಲುತ್ತದೆ. ಅದನ್ನು ದಾಟಿಸಿ ಹಿಡಿದಿಡುವ ಪ್ರೋಟೀನಿನ ಹೆಸರು ಜಿಪಿಐಎಚ್‌ಬಿಪಿ1. ಈ ಪ್ರೋಟೀನ್ ಇಲ್ಲದ ಇಲಿಗಳ ರಕ್ತ ಹಾಲಿನಂತೆ ಬಿಳುಪಾಗುತ್ತದೆ ಎಂಬುದು 2007ರಲ್ಲಿ ಗೊತ್ತಾಯಿತು. ರಕ್ತನಾಳದ ಒಳಗೋಡೆಯ ಮೇಲೆ ಹೆಪಾರನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿಗಳೂ ಇರುತ್ತವೆ, ಅವುಗಳ ರಚನೆ ಹೆಪಾರಿನ್‌ನದಕ್ಕೆ ಬಹಳ ಹತ್ತಿರವಾದುದು. ಊಟವಾದ ಮೇಲೆ ಕರುಳಿನಿಂದ ಬರುವ ಕೈಲೋಮೈಕ್ರಾನ್ ಕಣಗಳೂ ಯಕೃತ್ತಿನಿಂದ ಹೊರಡುವ ವಿಎಲ್‌ಡಿಎಲ್ ಕಣಗಳೂ ಈ ಕಿಣ್ವದ ಬಳಿ ಬಂದು ತಂಗಿದಾಗ, ಅದು ಅವುಗಳೊಳಗಿನ ಟ್ರೈಗ್ಲಿಸರೈಡನ್ನು ಒಡೆದು ಕೊಬ್ಬಿನಾಮ್ಲಗಳನ್ನು ಪಕ್ಕದ ಅಂಗಾಂಶಕ್ಕೆ ಒದಗಿಸುತ್ತದೆ.

ರಕ್ತಕ್ಕೆ ಹೆಪಾರಿನ್ ಸೇರಿದಾಗ ಅದರ ಅಣುಗಳು ತಮ್ಮ ಮೇಲೆ ದಟ್ಟವಾದ ಋಣವಿದ್ಯುದಂಶವಿರುವುದರಿಂದ ಈ ಕಿಣ್ವವನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ಗೋಡೆಗೆ ಅಂಟಿದ್ದ ಕಿಣ್ವ ಕಳಚಿ ರಕ್ತಪ್ರವಾಹಕ್ಕೆ ಬರುತ್ತದೆ. ಯಕೃತ್ತಿನಲ್ಲಿರುವ ಹೆಪಾಟಿಕ್ ಲೈಪೇಸ್ ಎಂಬ ಇನ್ನೊಂದು ಕಿಣ್ವವೂ ಹೀಗೆಯೇ ಬಿಡುಗಡೆಯಾಗುತ್ತದೆ. ಮೊದಲು ಕಣಗಳು ಕಿಣ್ವವಿದ್ದಲ್ಲಿಗೆ ಬಂದು ತಲುಪಬೇಕಿತ್ತು, ಈಗ ಕಿಣ್ವವೇ ರಕ್ತದೊಳಗೆ ತೇಲುತ್ತಾ ಎಲ್ಲ ಕಣಗಳ ಮೇಲೂ ಎರಗುತ್ತದೆ. ಕೆಲವೇ ನಿಮಿಷಗಳಲ್ಲಿ ಟ್ರೈಗ್ಲಿಸರೈಡ್ ಕುಸಿಯತೊಡಗುತ್ತದೆ, ಅದರ ಬದಲಿಗೆ ರಕ್ತದಲ್ಲಿ ಬಿಡಿ ಕೊಬ್ಬಿನಾಮ್ಲಗಳ ಮಟ್ಟ ಏರುತ್ತದೆ. ಆ ಕೊಬ್ಬು ಎಲ್ಲಿಯೂ ಮಾಯವಾಗಿರುವುದಿಲ್ಲ, ರೂಪ ಬದಲಿಸಿರುತ್ತದೆ ಅಷ್ಟೆ. ಹೆಪಾರಿನ್ ಕುರಿತ ಅರ್ಧದಷ್ಟು ತಪ್ಪು ತಿಳಿವಳಿಕೆ ಈ ಒಂದು ಸಂಗತಿಯನ್ನು ಗಮನಿಸದಿರುವುದರಿಂದಲೇ ಹುಟ್ಟಿದೆ.

ಇದು ಯಾವಾಗಿನಿಂದ ಗೊತ್ತಿದೆ?

ಹೆಪಾರಿನ್ ಶೋಧದ ಕಥೆ 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ, ವಿಲಿಯಂ ಹೋವೆಲ್ ಅವರ ಪ್ರಯೋಗಾಲಯದಲ್ಲಿದ್ದ ಜೇ ಮೆಕ್ಲೀನ್ ಎಂಬ ವೈದ್ಯ ವಿದ್ಯಾರ್ಥಿಯಿಂದ ಆರಂಭವಾಗುತ್ತದೆ. ಮನುಷ್ಯರಿಗೆ ಕೊಡುವಷ್ಟು ಶುದ್ಧವಾದ ಹೆಪಾರಿನ್ ಸಿದ್ಧವಾದದ್ದು 1930ರ ದಶಕದಲ್ಲಿ, ಟೊರಾಂಟೊ ಮತ್ತು ಸ್ಟಾಕ್‌ಹೋಮ್ ನಗರಗಳ ಸಂಶೋಧಕರ ಶ್ರಮದಿಂದ.

ಕೊಬ್ಬಿನ ಮೇಲಿನ ಪರಿಣಾಮವನ್ನು ಮೊದಲು ವರದಿ ಮಾಡಿದವರು ಪಾಲ್ ಹಾನ್. ಕೊಬ್ಬಿನ ಊಟವಾದ ಮೇಲೆ ನಾಯಿಗಳ ಪ್ಲಾಸ್ಮಾ (ರಕ್ತಕಣಗಳನ್ನು ತೆಗೆದರೆ ಉಳಿಯುವ ದ್ರವ) ಹಾಲುಹಾಲಾಗಿರುತ್ತದೆ. ಅವುಗಳಿಗೆ ಹೆಪಾರಿನ್ ಚುಚ್ಚಿದರೆ ಅದು ತಿಳಿಯಾಗುತ್ತದೆ ಎಂದು ಅವರು 1943ರಲ್ಲಿ ಪ್ರಕಟಿಸಿದರು. ಕುತೂಹಲದ ಸಂಗತಿಯೆಂದರೆ, ಅದೇ ಹಾಲಿನಂತಹ ಪ್ಲಾಸ್ಮಾವನ್ನು ಗಾಜಿನ ನಳಿಕೆಯಲ್ಲಿಟ್ಟು ಹೆಪಾರಿನ್ ಬೆರೆಸಿದರೆ ಅದು ತಿಳಿಯಾಗುವುದಿಲ್ಲ. ಅಂದರೆ ಕೊಬ್ಬನ್ನು ಒಡೆಯುವುದು ಸ್ವತಃ ಹೆಪಾರಿನ್ ಅಲ್ಲ, ಅದು ದೇಹದೊಳಗಿನಿಂದ ಹೊರಗೆಳೆದು ತರುವ ಮತ್ತೇನೋ ಆಗಿರಬೇಕು. ಹಲವು ವರ್ಷ ತಿಳಿಗೊಳಿಸುವ ಅಂಶ ಎಂದಷ್ಟೇ ಕರೆಯಲಾಗುತ್ತಿದ್ದ ಆ ವಸ್ತು ಲೈಪೋಪ್ರೋಟೀನ್ ಲೈಪೇಸ್ ಕಿಣ್ವವೆಂದು ಎಡ್ವರ್ಡ್ ಕಾರ್ನ್ 1955ರಲ್ಲಿ ತೋರಿಸಿಕೊಟ್ಟರು.

ಹಾಗಿದ್ದರೆ ಹೆಪಾರಿನ್ ಅನ್ನೇ ಕೊಬ್ಬು ಇಳಿಸುವ ಔಷಧವಾಗಿ ಏಕೆ ಬಳಸುವುದಿಲ್ಲ?

ಆ ಆಸೆ 1950ರ ದಶಕದಲ್ಲಿ ನಿಜಕ್ಕೂ ಇತ್ತು. ಕ್ಯಾಲಿಫೋರ್ನಿಯಾದಲ್ಲಿ ಜಾನ್ ಗಾಫ್ಮನ್ ಅವರ ತಂಡವು, ಹೆಪಾರಿನ್ ಕೊಟ್ಟಾಗ ರಕ್ತದಲ್ಲಿನ ದೊಡ್ಡ ಲೈಪೋಪ್ರೋಟೀನ್ ಕಣಗಳು ಕಡಿಮೆಯಾಗಿ ಸಣ್ಣ ಕಣಗಳು ಹೆಚ್ಚಾಗುವುದನ್ನು 1951ರಲ್ಲಿ ವಿವರಿಸಿತು. ಹೃದಯದ ರಕ್ತನಾಳಗಳ ಕಾಯಿಲೆಯಿದ್ದವರಿಗೆ ಆಗಾಗ ಹೆಪಾರಿನ್ ಚುಚ್ಚಿ ನೋಡುವ ಪ್ರಯೋಗವನ್ನು ಹೈಮನ್ ಎಂಗಲ್‌ಬರ್ಗ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದರು. ಆ ದಾರಿ ಮುಂದುವರಿಯದಿರಲು ಗಟ್ಟಿಯಾದ ಕಾರಣಗಳಿವೆ.

ಬಿಡುಗಡೆಯಾದ ಕಿಣ್ವ ರಕ್ತದಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ ಎಂಬುದು ಅವುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದುದು. ಯಕೃತ್ತು ಅದನ್ನು ಹೀರಿಕೊಂಡು ನಾಶಮಾಡುತ್ತದೆ. ಹೆಪಾರಿನ್ ಅನ್ನು ನಿರಂತರವಾಗಿ ಡ್ರಿಪ್ ಮೂಲಕ ಕೊಡುತ್ತಿದ್ದರೂ ಕಿಣ್ವದ ಚಟುವಟಿಕೆ ಮೊದಲು ಏರಿ, ಮುಂದಿನ ಗಂಟೆಗಳಲ್ಲಿ ಗಣನೀಯವಾಗಿ ಕುಸಿಯುತ್ತದೆ, ಏಕೆಂದರೆ ರಕ್ತನಾಳದ ಗೋಡೆಯಲ್ಲಿದ್ದ ದಾಸ್ತಾನು ಮುಗಿದುಹೋಗಿರುತ್ತದೆ ಮತ್ತು ಅಂಗಾಂಶಗಳು ಹೊಸದನ್ನು ತಯಾರಿಸಿ ಕಳುಹಿಸಲು ಸಮಯ ಹಿಡಿಯುತ್ತದೆ. ಆ ಕೊರತೆಯ ಅವಧಿಯಲ್ಲಿ ಕಣಗಳಿಂದ ಟ್ರೈಗ್ಲಿಸರೈಡ್ ಖಾಲಿಯಾಗುವುದು ನಿಧಾನಗೊಂಡು, ಅದರ ಮಟ್ಟ ಮತ್ತೆ ಏರಬಹುದು. ಕೆಲವರಲ್ಲಿ ಮೊದಲಿಗಿಂತಲೂ ಮೇಲೆ ಹೋಗಬಹುದು. ಮುಂಗಡ ಸಂಬಳ ಪಡೆದವನ ಕೈ ತಿಂಗಳ ಕೊನೆಯಲ್ಲಿ ಬರಿದಾದಂತೆ ಇದು.

ಇದರ ಜೊತೆಗೆ, ಕೊಬ್ಬಿಗಾಗಿ ಮಾತ್ರ ಹೆಪಾರಿನ್ ತೆಗೆದುಕೊಳ್ಳುವವನು ರಕ್ತಸ್ರಾವದ ಅಪಾಯವನ್ನು ಅನಗತ್ಯವಾಗಿ ಹೊರಬೇಕಾಗುತ್ತದೆ. ಪ್ಲೇಟ್‌ಲೆಟ್‌ಗಳು ಅಪಾಯಕಾರಿಯಾಗಿ ಕುಸಿಯುವ ಪ್ರತಿಕ್ರಿಯೆ ಕೆಲವರಲ್ಲಿ ಉಂಟಾಗುತ್ತದೆ, ದೀರ್ಘಕಾಲ ಬಳಸಿದರೆ ಮೂಳೆಗಳು ದುರ್ಬಲವಾಗುತ್ತವೆ. ಹೊಟ್ಟೆಗೆ ತೆಗೆದುಕೊಂಡರೆ ಹೆಪಾರಿನ್ ರಕ್ತಕ್ಕೆ ಸೇರುವುದಿಲ್ಲವಾದ್ದರಿಂದ ಚುಚ್ಚುಮದ್ದೇ ಗತಿ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಮೊದಲ ಮಾತ್ರೆ 1987ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಮೇಲೆ, ಈ ದಾರಿಯ ಕಡೆಗೆ ತಿರುಗಿ ನೋಡುವ ಅಗತ್ಯವೂ ಉಳಿಯಲಿಲ್ಲ.

ಹೆಪಾರಿನ್‌ನಿಂದ ಎಲ್‌ಡಿಎಲ್ ('ಕೆಟ್ಟ') ಕೊಲೆಸ್ಟ್ರಾಲ್ ಇಳಿಸುವ ಯಾವ ಉಪಾಯವೂ ಇಲ್ಲವೇ?

ಒಂದು ಇದೆ, ಆದರೆ ಅದು ನಡೆಯುವುದು ದೇಹದ ಹೊರಗೆ. ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ 1980ರ ದಶಕದಲ್ಲಿ ರೂಪುಗೊಂಡ ಒಂದು ವಿಧಾನದಲ್ಲಿ ರೋಗಿಯ ರಕ್ತವನ್ನು ಯಂತ್ರಕ್ಕೆ ಹರಿಸಿ, ಪ್ಲಾಸ್ಮಾವನ್ನು ಬೇರ್ಪಡಿಸಿ, ಆಮ್ಲೀಯ ದ್ರಾವಣದೊಂದಿಗೆ ಹೆಪಾರಿನ್ ಬೆರೆಸುತ್ತಾರೆ. ಪಿಎಚ್ 5.12ರ ಆಸುಪಾಸಿನಲ್ಲಿ ಎಲ್‌ಡಿಎಲ್, ಅದನ್ನು ಹೋಲುವ ಲೈಪೋಪ್ರೋಟೀನ್-ಎ ಮತ್ತು ಹೆಪ್ಪುಗಟ್ಟಲು ಬೇಕಾದ ಪ್ರೋಟೀನಾದ ಫೈಬ್ರಿನೋಜನ್‌ಗಳು ಹೆಪಾರಿನ್‌ನೊಂದಿಗೆ ಸೇರಿ ತಳಕ್ಕಿಳಿಯುತ್ತವೆ. ಅವನ್ನು ಸೋಸಿ ತೆಗೆದು, ಉಳಿದ ಹೆಪಾರಿನ್ ಅನ್ನೂ ತೆಗೆದುಹಾಕಿ, ಶುದ್ಧವಾದ ಪ್ಲಾಸ್ಮಾವನ್ನು ಮರಳಿಸುತ್ತಾರೆ. ವಂಶಪಾರಂಪರ್ಯವಾಗಿ ಎಲ್‌ಡಿಎಲ್ ವಿಪರೀತ ಹೆಚ್ಚಿದ್ದು, ಮಾತ್ರೆಗಳಿಗೆ ಜಗ್ಗದವರಿಗೆ ಇದು ಮೀಸಲು. ಹೆಪಾರಿನ್ ಇಲ್ಲಿ ಔಷಧವಾಗಿ ಅಲ್ಲ, ಸೋಸುವ ಸಾಧನವಾಗಿ ಕೆಲಸ ಮಾಡುತ್ತದೆ.

ಟ್ರೈಗ್ಲಿಸರೈಡ್ ಸಾವಿರ ದಾಟಿ ಮೇದೋಜೀರಕ ಗ್ರಂಥಿಯ ಉರಿಯೂತವಾದಾಗ ಹೆಪಾರಿನ್ ಕೊಡುತ್ತಾರಲ್ಲ, ಅದು ಸರಿಯೇ?

ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 1000 ಮಿಲಿಗ್ರಾಂ ದಾಟಿದಾಗ ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದ ಭಯ ಹೆಚ್ಚಾಗುತ್ತದೆ. ಅಂಥ ಸಂದರ್ಭದಲ್ಲಿ ಬಾಯಿಯ ಮೂಲಕ ಆಹಾರ ನಿಲ್ಲಿಸುವುದು, ಡ್ರಿಪ್ ಹಾಕುವುದು ಮತ್ತು ಇನ್ಸುಲಿನ್ ಕೊಡುವುದು ರೂಢಿ. ಇನ್ಸುಲಿನ್ ಈ ಕಿಣ್ವ ಹೊಸದಾಗಿ ತಯಾರಾಗುವುದಕ್ಕೆ ಪ್ರೋತ್ಸಾಹ ನೀಡುತ್ತದೆ ಮತ್ತು ಕೊಬ್ಬಿನ ಅಂಗಾಂಶದಿಂದ ಕೊಬ್ಬಿನಾಮ್ಲಗಳು ಹೊರಬರುವುದನ್ನು ತಡೆಯುತ್ತದೆ. ಇದರ ಜೊತೆಗೆ ಹೆಪಾರಿನ್ ಸೇರಿಸುವ ಪದ್ಧತಿಯೂ ಹಲವೆಡೆ ಇದೆ, ಆದರೆ ತಜ್ಞರಲ್ಲಿ ಒಮ್ಮತವಿಲ್ಲ. ಕಿಣ್ವದ ದಾಸ್ತಾನು ಬರಿದಾಗುವುದು, ಉರಿಯೂತಗೊಂಡ ಗ್ರಂಥಿಯಲ್ಲಿ ರಕ್ತಸ್ರಾವವಾಗುವ ಸಾಧ್ಯತೆ, ಬಿಡಿ ಕೊಬ್ಬಿನಾಮ್ಲಗಳು ಒಮ್ಮೆಲೇ ಏರಿ ಗ್ರಂಥಿಗೆ ಮತ್ತಷ್ಟು ಹಾನಿ ಮಾಡಬಹುದೆಂಬ ಆತಂಕ, ಇವು ವಿರೋಧಿಸುವವರ ವಾದಗಳು. ಮೊದಲ ಗಂಟೆಗಳ ಇಳಿಕೆಯನ್ನು ನೋಡಿ ಹಿಗ್ಗುವುದಕ್ಕಿಂತ, ಎರಡನೆಯ ದಿನದ ಅಂಕಿಯನ್ನು ಕಾಯುವವರ ನಿಲುವೇ ಹೆಚ್ಚು ಸಮಂಜಸವೆನಿಸುತ್ತದೆ. ಹೆಪ್ಪು ತಡೆಗಟ್ಟಲೆಂದು ಸಣ್ಣ ಪ್ರಮಾಣದಲ್ಲಿ ಕೊಡುವ ಹೆಪಾರಿನ್ ಇದಕ್ಕಿಂತ ಬೇರೆ ವಿಷಯ, ಅದರ ಲೆಕ್ಕಾಚಾರವೂ ಬೇರೆ.

ಆಸ್ಪತ್ರೆಯಲ್ಲಿ ಹೆಪಾರಿನ್ ನಡೆಯುತ್ತಿದ್ದಾಗ ಮಾಡಿಸಿದ ಲಿಪಿಡ್ ಪ್ರೊಫೈಲ್ ಅನ್ನು ನಂಬಬಹುದೇ?

ಎಚ್ಚರಿಕೆಯಿಂದ ಓದಬೇಕು. ಇಲ್ಲಿ ಮೂರು ಬಗೆಯ ಗೋಜಲು ಒಟ್ಟಿಗೆ ಸೇರಿಕೊಂಡಿರುತ್ತದೆ.

ಮೊದಲನೆಯದು, ಈಗಾಗಲೇ ಹೇಳಿದ ಟ್ರೈಗ್ಲಿಸರೈಡ್ ಇಳಿಕೆ. ಹೆಪಾರಿನ್ ಇಂಜೆಕ್ಷನ್ ಆದ ಸ್ವಲ್ಪ ಹೊತ್ತಿನಲ್ಲೇ ರಕ್ತ ತೆಗೆದರೆ ರೋಗಿಯ ನಿಜವಾದ ಟ್ರೈಗ್ಲಿಸರೈಡ್ ಮಟ್ಟಕ್ಕಿಂತ ಕಡಿಮೆ ಅಂಕಿ ಸಿಗಬಹುದು. ಅಷ್ಟೇ ಅಲ್ಲ, ರಕ್ತದ ಜೊತೆ ನಳಿಕೆಗೆ ಬಂದ ಕಿಣ್ವ ಅಲ್ಲಿಯೂ ಕೆಲಸ ಮುಂದುವರಿಸುತ್ತದೆ. ಮಾದರಿಯನ್ನು ತಂಪಾಗಿಡದೆ ಬೆಚ್ಚಗಿನ ಕೋಣೆಯಲ್ಲಿ ಗಂಟೆಗಟ್ಟಲೆ ಬಿಟ್ಟರೆ ಪರೀಕ್ಷೆಗೆ ಹಾಕುವ ಹೊತ್ತಿಗೆ ಅಂಕಿ ಇನ್ನಷ್ಟು ಇಳಿದಿರುತ್ತದೆ.

ಎರಡನೆಯದು ಲೆಕ್ಕದಿಂದ ಬರುವ ತೊಡಕು. ಬಹಳಷ್ಟು ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯದೆ, 1972ರಲ್ಲಿ ಪ್ರಕಟವಾದ ಫ್ರೀಡ್‌ವಾಲ್ಡ್ ಸೂತ್ರದಿಂದ ಲೆಕ್ಕ ಹಾಕುತ್ತವೆ: ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ('ಒಳ್ಳೆಯ' ಕೊಲೆಸ್ಟ್ರಾಲ್) ಅನ್ನೂ ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯಬೇಕು. ಒಟ್ಟು ಕೊಲೆಸ್ಟ್ರಾಲ್ 200, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 300 ಇದ್ದರೆ ಎಲ್‌ಡಿಎಲ್ 100 ಎಂದಾಗುತ್ತದೆ. ಉಳಿದೆರಡು ಅಂಕಿಗಳು ಹಾಗೆಯೇ ಇದ್ದು ಟ್ರೈಗ್ಲಿಸರೈಡ್ ಮಾತ್ರ 150ಕ್ಕೆ ಇಳಿದರೆ, ಅದೇ ಸೂತ್ರ ಎಲ್‌ಡಿಎಲ್ 130 ಎಂದು ತೋರಿಸುತ್ತದೆ. ಒಂದೇ ಮಧ್ಯಾಹ್ನದಲ್ಲಿ ಎಲ್‌ಡಿಎಲ್ ಏರಿದೆ ಎಂದು ಗಾಬರಿಪಡುವವರು ಈ ಲೆಕ್ಕವನ್ನೊಮ್ಮೆ ಮಾಡಿ ನೋಡಬೇಕು. ಟ್ರೈಗ್ಲಿಸರೈಡ್ 400 ದಾಟಿದಾಗ ಈ ಸೂತ್ರವನ್ನು ಬಳಸಲೇಬಾರದು.

ಮೂರನೆಯದು ಕಾಯಿಲೆಯ ಪ್ರಭಾವ, ಹೆಚ್ಚು ಜನರನ್ನು ದಾರಿ ತಪ್ಪಿಸುವುದೂ ಇದೇ. ಹೃದಯಾಘಾತ, ದೊಡ್ಡ ಶಸ್ತ್ರಚಿಕಿತ್ಸೆ, ತೀವ್ರ ಸೋಂಕು ಇವೆಲ್ಲ ಒಟ್ಟು ಕೊಲೆಸ್ಟ್ರಾಲ್ ಮತ್ತು ಎಲ್‌ಡಿಎಲ್ ಎರಡನ್ನೂ ತಾವಾಗಿಯೇ ಇಳಿಸುತ್ತವೆ. ಹೃದಯಾಘಾತವಾದ ಸುಮಾರು 24 ಗಂಟೆಗಳ ನಂತರ ಈ ಇಳಿಕೆ ಕಾಣಿಸಿಕೊಂಡು ವಾರಗಳ ಕಾಲ ಮುಂದುವರಿಯಬಹುದು. ಅದೇ ವೇಳೆಗೆ ರೋಗಿಗೆ ಹೆಪಾರಿನ್ ನಡೆಯುತ್ತಿರುವುದರಿಂದ, 'ಹೆಪಾರಿನ್ ಕೊಟ್ಟ ಮೇಲೆ ಕೊಲೆಸ್ಟ್ರಾಲ್ ಕಡಿಮೆಯಾಯಿತು' ಎಂಬ ನಂಬಿಕೆ ಹುಟ್ಟುತ್ತದೆ. ಅದನ್ನು ನಂಬಿ ಮನೆಗೆ ಹೋದ ಮೇಲೆ ಸ್ಟಾಟಿನ್ ಮಾತ್ರೆ ನಿಲ್ಲಿಸುವುದು ನಿಜವಾದ ಅಪಾಯ. ಆದ್ದರಿಂದಲೇ ಆಸ್ಪತ್ರೆಗೆ ಸೇರಿದ ಮೊದಲ 24 ಗಂಟೆಗಳೊಳಗೆ, ಸಾಧ್ಯವಾದರೆ ಹೆಪಾರಿನ್‌ಗೂ ಮೊದಲು, ಲಿಪಿಡ್ ಪರೀಕ್ಷೆಗೆ ರಕ್ತ ತೆಗೆಯುವುದು ಒಳ್ಳೆಯದು. ಚಿಕಿತ್ಸೆಯ ಫಲವನ್ನು ತಿಳಿಯಲು ನಾಲ್ಕರಿಂದ ಎಂಟು ವಾರಗಳ ನಂತರ ಮತ್ತೆ ಪರೀಕ್ಷಿಸಲಾಗುತ್ತದೆ.

ರಕ್ತ ತೆಗೆಯುವ ಹಸಿರು ಮುಚ್ಚಳದ ನಳಿಕೆಯಲ್ಲೂ ಹೆಪಾರಿನ್ ಇರುತ್ತದಂತೆ. ಅದರಿಂದಲೂ ಕೊಬ್ಬು ಇಳಿದು ತೋರುತ್ತದೆಯೇ?

ಇಲ್ಲ. ನಳಿಕೆಯಲ್ಲಿ ರಕ್ತನಾಳದ ಗೋಡೆಯಿಲ್ಲ, ಹಾಗಾಗಿ ಕಳಚಿ ಬರಲು ಕಿಣ್ವವೂ ಇಲ್ಲ. ನಾಯಿಗಳ ಪ್ರಯೋಗದಲ್ಲಿ ಗಾಜಿನ ನಳಿಕೆಯೊಳಗೆ ಏನೂ ಆಗದಿದ್ದುದಕ್ಕೂ ಇದೇ ಕಾರಣ.

ಹೆಪಾರಿನ್‌ನಿಂದ ಥೈರಾಯ್ಡ್ ರಿಪೋರ್ಟ್ ಕೂಡ ತಪ್ಪಾಗುತ್ತದೆಯೇ?

ಆಗಬಹುದು, ಅದೂ ಕೊಬ್ಬಿನ ದಾರಿಯಿಂದಲೇ. ನಳಿಕೆಯೊಳಗೆ ಟ್ರೈಗ್ಲಿಸರೈಡ್ ಒಡೆದು ಹೆಚ್ಚಾದ ಕೊಬ್ಬಿನಾಮ್ಲಗಳು, ರಕ್ತದ ಪ್ರೋಟೀನಿಗೆ ಅಂಟಿಕೊಂಡಿದ್ದ ಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನನ್ನು ಅಲ್ಲಿಂದ ತಳ್ಳಿಬಿಡುತ್ತವೆ. ಪರಿಣಾಮವಾಗಿ ಫ್ರೀ ಟಿ4 (ಬಿಡಿಯಾಗಿರುವ ಥೈರಾಕ್ಸಿನ್) ಅಂಕಿ ಹೆಚ್ಚಾಗಿ ಕಾಣುತ್ತದೆ, ಆದರೆ ರೋಗಿಯ ದೇಹದಲ್ಲಿ ಅಂಥ ಏರಿಕೆ ಆಗಿರುವುದಿಲ್ಲ. ಟ್ರೈಗ್ಲಿಸರೈಡ್ ಹೆಚ್ಚಿದ್ದವರಲ್ಲಿ, ರಕ್ತದ ಅಲ್ಬುಮಿನ್ ಪ್ರೋಟೀನ್ ಕಡಿಮೆಯಿರುವವರಲ್ಲಿ ಮತ್ತು ಮಾದರಿ ತಡವಾಗಿ ಪರೀಕ್ಷೆಗೆ ಹೋದಾಗ ಈ ತಪ್ಪು ದೊಡ್ಡದಾಗುತ್ತದೆ. ಥೈರಾಯ್ಡನ್ನು ನಿಯಂತ್ರಿಸುವ ಹಾರ್ಮೋನಾದ ಟಿಎಸ್‌ಎಚ್ ಸರಿಯಾಗಿದ್ದು ಫ್ರೀ ಟಿ4 ಮಾತ್ರ ಹೆಚ್ಚಿದ್ದರೆ, ಥೈರಾಯ್ಡ್ ತಗ್ಗಿಸುವ ಮಾತ್ರೆಯತ್ತ ಕೈ ಚಾಚುವ ಮೊದಲು ಹೆಪಾರಿನ್ ನಡೆಯುತ್ತಿದೆಯೇ ಎಂದು ಕೇಳಬೇಕು.

ಹೊಟ್ಟೆಯ ಚರ್ಮದಡಿ ಚುಚ್ಚುವ ಎನಾಕ್ಸಪಾರಿನ್‌ನಂಥ ಔಷಧಗಳಲ್ಲೂ ಇದೇ ಪರಿಣಾಮವಿದೆಯೇ?

ಇದೆ, ಆದರೆ ರಕ್ತದಲ್ಲಿ ಕಾಣುವ ಕಿಣ್ವದ ಏರಿಕೆ ಚಿಕ್ಕದು. ಸಾಮಾನ್ಯ ಹೆಪಾರಿನ್‌ನ ಅಣುತೂಕ ಸರಾಸರಿ 15,000 ಡಾಲ್ಟನ್‌ನ ಆಸುಪಾಸಿನಲ್ಲಿದ್ದರೆ, ಎನಾಕ್ಸಪಾರಿನ್, ಡಾಲ್ಟೆಪಾರಿನ್‌ಗಳ ಅಣುತೂಕ ಅದರ ಮೂರನೇ ಒಂದು ಭಾಗದಷ್ಟು. ಚಿಕ್ಕ ಸರಪಳಿಗಳು ಕಿಣ್ವವನ್ನು ಗೋಡೆಯಿಂದ ಕಳಚುತ್ತವೆ, ಆದರೆ ಯಕೃತ್ತು ಅದನ್ನು ಹೀರಿಕೊಳ್ಳದಂತೆ ಕಾಪಾಡುವ ಶಕ್ತಿ ಅವುಗಳಿಗೆ ಕಡಿಮೆ. ಹೀಗಾಗಿ ಏರಿಕೆ ಚಿಕ್ಕದಾಗಿದ್ದರೂ ದಾಸ್ತಾನು ಖರ್ಚಾಗುವುದು ತಪ್ಪುವುದಿಲ್ಲ. ಕೆಲವು ದಿನಗಳ ಚಿಕಿತ್ಸೆಯಲ್ಲಿ ಇದರಿಂದ ರೋಗಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ. ಗರ್ಭಿಣಿಯರಿಗೆ ಹೆರಿಗೆಯವರೆಗೂ ಈ ಔಷಧ ಕೊಡುವುದುಂಟು, ಏಕೆಂದರೆ ಹೆಪಾರಿನ್ ಮಗುವನ್ನು ತಲುಪುವುದಿಲ್ಲ. ಅವರಲ್ಲಿ ಕೊನೆಯ ತಿಂಗಳುಗಳಲ್ಲಿ ಟ್ರೈಗ್ಲಿಸರೈಡ್ ಎರಡು ಮೂರು ಪಟ್ಟು ಏರುವುದು ಗರ್ಭಧಾರಣೆಯ ಸಹಜ ಬದಲಾವಣೆಯೇ ಹೊರತು ಇಂಜೆಕ್ಷನ್ನಿನ ದೋಷವಲ್ಲ.

ಡಯಾಲಿಸಿಸ್‌ನಲ್ಲಿ ಪ್ರತಿ ಸಲವೂ ಹೆಪಾರಿನ್ ಕೊಡುತ್ತಾರೆ. ಟ್ರೈಗ್ಲಿಸರೈಡ್ ಹೆಚ್ಚಿರುವುದಕ್ಕೆ ಅದೇ ಕಾರಣವೇ?

ಅದೊಂದೇ ಕಾರಣವಲ್ಲ. ಮೂತ್ರಪಿಂಡಗಳು ವಿಫಲವಾದವರಲ್ಲಿ ಹೆಪಾರಿನ್ ಇಲ್ಲದೆಯೂ ಟ್ರೈಗ್ಲಿಸರೈಡ್ ಹೆಚ್ಚು ಮತ್ತು ಎಚ್‌ಡಿಎಲ್ ಕಡಿಮೆ ಇರುವುದು ಸಾಮಾನ್ಯ, ಏಕೆಂದರೆ ಅವರಲ್ಲಿ ಈ ಕಿಣ್ವದ ಕೆಲಸವೇ ಕುಂದಿರುತ್ತದೆ. ವಾರಕ್ಕೆ ಎರಡು ಮೂರು ಬಾರಿ ಹೆಪಾರಿನ್ ಕೊಟ್ಟಾಗ ದಾಸ್ತಾನು ಪದೇ ಪದೇ ಖರ್ಚಾಗಿ ಪರಿಸ್ಥಿತಿ ಬಿಗಡಾಯಿಸಬಹುದೆಂಬ ವಾದ ತಾರ್ಕಿಕವಾಗಿಯೇ ಇದೆ. ಕಡಿಮೆ ಅಣುತೂಕದ ಹೆಪಾರಿನ್‌ಗೆ ಬದಲಿಸಿದಾಗ ಕೊಬ್ಬಿನ ಅಂಕಿಗಳು ಸುಧಾರಿಸಿದವು ಎಂದು ಹೇಳುವ ಅಧ್ಯಯನಗಳೂ ಏನೂ ಬದಲಾಗಲಿಲ್ಲ ಎನ್ನುವ ಅಧ್ಯಯನಗಳೂ ಇವೆ. ಕೇವಲ ಲಿಪಿಡ್ ರಿಪೋರ್ಟಿಗಾಗಿ ಹೆಪಾರಿನ್ ಬದಲಿಸಿ ಎಂದು ಕೇಳುವುದರಲ್ಲಿ ಹೆಚ್ಚಿನ ಅರ್ಥವಿಲ್ಲ.

ಮಕ್ಕಳಲ್ಲಿ ಟ್ರೈಗ್ಲಿಸರೈಡ್ ವಿಪರೀತ ಹೆಚ್ಚಿದ್ದಾಗ 'ಹೆಪಾರಿನ್ ಪರೀಕ್ಷೆ' ಮಾಡುತ್ತಾರೆಂದು ಕೇಳಿದ್ದೇವೆ. ಏನದು?

ಲೈಪೋಪ್ರೋಟೀನ್ ಲೈಪೇಸ್ ಹುಟ್ಟಿನಿಂದಲೇ ಇಲ್ಲದ ಒಂದು ಅಪರೂಪದ ಕಾಯಿಲೆಯಿದೆ, ಸುಮಾರು ಹತ್ತು ಲಕ್ಷ ಜನರಲ್ಲಿ ಒಬ್ಬರಿಗೆ ಕಾಣಿಸುವಂಥದು. ಈ ಮಕ್ಕಳ ರಕ್ತ ಹಾಲಿನಂತಿರುತ್ತದೆ, ಹೊಟ್ಟೆನೋವು ಮತ್ತೆ ಮತ್ತೆ ಬರುತ್ತದೆ. ಕಿಣ್ವ ಸಾಮಾನ್ಯವಾಗಿ ರಕ್ತದಲ್ಲಿ ತೇಲದೆ ಗೋಡೆಗೆ ಅಂಟಿರುವುದರಿಂದ, ಸುಮ್ಮನೆ ರಕ್ತ ತೆಗೆದು ಅಳೆಯಲಾಗುವುದಿಲ್ಲ. ಹಾಗಾಗಿ ತೂಕಕ್ಕೆ ತಕ್ಕಷ್ಟು ಹೆಪಾರಿನ್ ಅನ್ನು ರಕ್ತನಾಳಕ್ಕೆ ಚುಚ್ಚಿ, ಹತ್ತು ಹದಿನೈದು ನಿಮಿಷಗಳಲ್ಲಿ ರಕ್ತ ತೆಗೆದು, ಎಷ್ಟು ಕಿಣ್ವ ಹೊರಬಂದಿದೆ ಎಂದು ನೋಡುತ್ತಾರೆ. ಜೊತೆಗೇ ಬಂದ ಯಕೃತ್ತಿನ ಲೈಪೇಸನ್ನು ಪ್ರತ್ಯೇಕಿಸಲು ಮಾದರಿಗೆ ಉಪ್ಪಿನ ಗಾಢ ದ್ರಾವಣ ಸೇರಿಸುತ್ತಾರೆ. ಲೈಪೋಪ್ರೋಟೀನ್ ಲೈಪೇಸ್ ಅದರಲ್ಲಿ ಸ್ತಬ್ಧವಾಗುತ್ತದೆ, ಯಕೃತ್ತಿನದು ಆಗುವುದಿಲ್ಲ. ಈಗ ಜೀನ್ ಪರೀಕ್ಷೆ ಬಂದಿರುವುದರಿಂದ ಇದರ ಬಳಕೆ ಕಡಿಮೆಯಾಗಿದೆ.

ವಾರ್ಫರಿನ್, ಅಸಿಟ್ರೋಮ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಗಳೂ ಕೊಬ್ಬನ್ನು ಇಳಿಸುತ್ತವೆಯೇ?

ಇಲ್ಲ. ಅವು ಯಕೃತ್ತಿನಲ್ಲಿ ವಿಟಮಿನ್ ಕೆ ಕೆಲಸವನ್ನು ತಡೆಯುತ್ತವೆ. ರಕ್ತನಾಳದ ಗೋಡೆಯ ಕಿಣ್ವಕ್ಕೂ ಅವಕ್ಕೂ ನಂಟಿಲ್ಲ. ಅಪಿಕ್ಸಬಾನ್, ರಿವರಾಕ್ಸಬಾನ್, ಡಾಬಿಗಾಟ್ರಾನ್ ಎಂಬ ಹೊಸ ಮಾತ್ರೆಗಳನ್ನೂ ಕೊಬ್ಬು ಇಳಿಸಲು ಯಾರೂ ಕೊಡುವುದಿಲ್ಲ.

ಆದರೆ ಇಲ್ಲಿ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು: ಕೊಬ್ಬಿನ ಔಷಧಗಳು ರಕ್ತ ತೆಳುವಾಗಿಸುವ ಮಾತ್ರೆಗಳ ಮೇಲೆ ಏನು ಮಾಡುತ್ತವೆ? ಕೃತಕ ಕವಾಟ ಹಾಕಿಸಿಕೊಂಡು ವರ್ಷಗಟ್ಟಲೆ ಅಸಿಟ್ರೋಮ್ ನುಂಗುವವರಿಗೆ ಇದು ಹೆಪಾರಿನ್ ಕಥೆಗಿಂತ ಹೆಚ್ಚು ಮುಖ್ಯ. ರೋಸುವಾಸ್ಟಾಟಿನ್, ಸಿಮ್ವಾಸ್ಟಾಟಿನ್, ಫ್ಲೂವಾಸ್ಟಾಟಿನ್ ಇವು ಐಎನ್‌ಆರ್ ಅನ್ನು (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ, ಏರಿದಷ್ಟೂ ರಕ್ತಸ್ರಾವದ ಭಯ ಹೆಚ್ಚು) ಏರಿಸಬಲ್ಲವು, ಅಟೊರ್ವಾಸ್ಟಾಟಿನ್‌ನಿಂದ ಅಷ್ಟೇನೂ ಬದಲಾವಣೆಯಾಗುವುದಿಲ್ಲ. ಟ್ರೈಗ್ಲಿಸರೈಡ್‌ಗೆ ಕೊಡುವ ಫೆನೋಫೈಬ್ರೇಟ್ ಮತ್ತು ಜೆಮ್‌ಫೈಬ್ರೊಜಿಲ್‌ಗಳ ಪರಿಣಾಮ ಇನ್ನೂ ಜೋರಾಗಿರುತ್ತದೆ, ಮೂಗು ಒಸಡುಗಳಲ್ಲಿ ರಕ್ತ ಬರುವವರೆಗೂ ಹೋಗಬಹುದು. ಇದಕ್ಕೆ ವಿರುದ್ಧವಾಗಿ ಕೊಲೆಸ್ಟೈರಮಿನ್ ಪುಡಿ ಕರುಳಿನಲ್ಲೇ ವಾರ್ಫರಿನ್ ಅನ್ನು ಹಿಡಿದಿಟ್ಟುಕೊಂಡು ಐಎನ್‌ಆರ್ ಇಳಿಸುತ್ತದೆ. ಇವುಗಳಲ್ಲಿ ಯಾವುದನ್ನು ಹೊಸದಾಗಿ ಆರಂಭಿಸಿದರೂ, ನಿಲ್ಲಿಸಿದರೂ, ಪ್ರಮಾಣ ಬದಲಿಸಿದರೂ ಕೆಲವೇ ದಿನಗಳಲ್ಲಿ ಐಎನ್‌ಆರ್ ಮಾಡಿಸಬೇಕು. ಹೃದಯದ ವೈದ್ಯರು ಒಂದನ್ನೂ ಸಕ್ಕರೆ ಕಾಯಿಲೆಯ ವೈದ್ಯರು ಇನ್ನೊಂದನ್ನೂ ಬರೆದಿರುವಾಗ ಈ ಪರೀಕ್ಷೆ ತಪ್ಪಿಹೋಗುವುದು ಹೆಚ್ಚು, ಆದ್ದರಿಂದ ಎರಡೂ ಚೀಟಿಗಳನ್ನು ಇಬ್ಬರಿಗೂ ತೋರಿಸಬೇಕು.

ಕೊಬ್ಬು ಕಡಿಮೆ ಮಾಡಲೆಂದು ಆಹಾರ ಬದಲಿಸಿದರೆ ಈ ಮಾತ್ರೆಗಳಿಗೆ ತೊಂದರೆಯೇ?

ಅಸಿಟ್ರೋಮ್ ಅಥವಾ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಆಗಬಹುದು. ಎಣ್ಣೆಯಲ್ಲಿ ಕರಿದದ್ದನ್ನು ಬಿಟ್ಟು ಒಮ್ಮೆಲೇ ದಿನವೂ ನುಗ್ಗೆ ಸೊಪ್ಪು, ಪಾಲಕ್, ದಂಟು ತಿನ್ನತೊಡಗಿದರೆ, ಅವುಗಳಲ್ಲಿ ಹೇರಳವಾಗಿರುವ ವಿಟಮಿನ್ ಕೆ ಮಾತ್ರೆಯ ಶಕ್ತಿಯನ್ನು ಕುಗ್ಗಿಸುತ್ತದೆ. ಸೊಪ್ಪನ್ನು ಪೂರ್ತಿ ಬಿಡುವುದೂ ತಪ್ಪೇ. ಬಸ್ಸಾರಾಗಲಿ ಮಸ್ಸೊಪ್ಪಾಗಲಿ, ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರಲಿ, ಐಎನ್‌ಆರ್ ಅದಕ್ಕೆ ತಕ್ಕಂತೆ ಹೊಂದಿಸಲ್ಪಡುತ್ತದೆ. ಹೆಪಾರಿನ್ ಇಂಜೆಕ್ಷನ್ನಿಗೂ ಸೊಪ್ಪಿಗೂ ಸಂಬಂಧವಿಲ್ಲ.

ಟ್ರೈಗ್ಲಿಸರೈಡ್ ತುಂಬಾ ಹೆಚ್ಚಿದ್ದರೆ ಐಎನ್‌ಆರ್ ಪರೀಕ್ಷೆಯೇ ತಪ್ಪು ಬರಬಹುದೇ?

ಬರಬಹುದು. ಬಹಳಷ್ಟು ಯಂತ್ರಗಳು ಹೆಪ್ಪುಗಟ್ಟುವ ಕ್ಷಣವನ್ನು ಬೆಳಕು ಹಾಯಿಸಿ ಗುರುತಿಸುತ್ತವೆ. ಪ್ಲಾಸ್ಮಾ ಮೊದಲೇ ಹಾಲಿನಂತಿದ್ದರೆ ಬೆಳಕಿನಲ್ಲಾಗುವ ಬದಲಾವಣೆಯನ್ನು ಯಂತ್ರ ಸರಿಯಾಗಿ ಹಿಡಿಯಲಾರದು. ಇಂಥ ಮಾದರಿಯನ್ನು ಬೆಳಕಿನ ಬದಲು ಚಲನೆಯಿಂದ ಹೆಪ್ಪನ್ನು ಗುರುತಿಸುವ ಯಂತ್ರದಲ್ಲಿ ಮತ್ತೆ ಪರೀಕ್ಷಿಸುತ್ತಾರೆ, ಅಥವಾ ಬೆಳಿಗ್ಗೆ ಉಪವಾಸದಲ್ಲಿ ಇನ್ನೊಮ್ಮೆ ರಕ್ತ ಕೊಡಲು ಹೇಳುತ್ತಾರೆ. ರಿಪೋರ್ಟಿನ ಕೆಳಗೆ 'ಲೈಪೀಮಿಕ್' (ಕೊಬ್ಬಿನಿಂದ ಹಾಲಿನಂತಾದ ಮಾದರಿ) ಎಂಬ ಟಿಪ್ಪಣಿ ಇದ್ದರೆ, ಆ ದಿನದ ಐಎನ್‌ಆರ್ ನೋಡಿ ಮಾತ್ರೆಯ ಪ್ರಮಾಣ ಬದಲಿಸುವ ಮೊದಲು ಅದನ್ನು ವೈದ್ಯರ ಗಮನಕ್ಕೆ ತರಬೇಕು.